ಬಂಡೀಪುರದಲ್ಲಿ ಬೆಂಕಿ ರೇಖೆ ಸುಡುವ ಕಾಲ

2026 ಜನವರಿ 18, ಭಾನುವಾರ

ಇವತ್ತು ಮೇಲುಕಾಮನಹಳ್ಳಿ ದಾಟಿ ಊಟಿ ರಸ್ತೆಯ ಪಕ್ಕದಲ್ಲಿ ಬೆಂಕಿ ರೇಖೆ, ಅಂದರೆ ಕಾಡ್ಗಿಚ್ಚು ದಾಟದಂತೆ ಮೊದಲೇ ಸುಟ್ಟು ಖಾಲಿ ಮಾಡುವ ಪಟ್ಟಿ, ಸುಡುವುದನ್ನು ನೋಡಿದೆ. ಕಾರಿನಲ್ಲಿ ಹೋಗುತ್ತಿದ್ದ ಕೆಲವರು ಗಾಬರಿಯಾಗಿ ಗಾಜು ಇಳಿಸಿ ಕೇಳುತ್ತಿದ್ದರು, ಕಾಡಿಗೆ ಬೆಂಕಿ ಬಿತ್ತಾ ಅಂತ. ಬಿದ್ದದ್ದಲ್ಲ, ಅರಣ್ಯ ಇಲಾಖೆಯವರೇ ಹಚ್ಚಿದ್ದು. ಬೇಸಿಗೆಗೆ ಮುಂಚೆ ಪ್ರತಿ ವರ್ಷ ನಡೆಯುವ ಕೆಲಸ ಇದು.

ರಸ್ತೆಯ ಅಂಚಿನ ಹುಲ್ಲು, ಪೊದೆ ಎಲ್ಲ ಮೊದಲೇ ಕೊಚ್ಚಿ ಒಣಗಲು ಬಿಟ್ಟಿದ್ದರು. ಕಾಡಿನ ಕಡೆಯ ಅಂಚನ್ನು ಗುಡಿಸಿ ಬರೀ ಮಣ್ಣು ಕಾಣುವಂತೆ ಮಾಡಿದ್ದರು. ತರಗೆಲೆ ಊದಿ ತಳ್ಳಲು ಈಗ ಬ್ಲೋಯರ್ ಇದೆ. ಆದರೆ ಬೆಂಕಿ ಬಡಿಯಲು ಇವತ್ತಿಗೂ ಹಸಿ ಸೊಪ್ಪಿನ ಕೊಂಬೆಯೇ ಬೇಕು. ಬೆಂಕಿ ಕಾಯುವ ಫೈರ್ ವಾಚರ್‌ಗಳು ಕೊಂಬೆ ಹಿಡಿದು ಕಾಡಿನ ಕಡೆ ಸಾಲಾಗಿ ನಿಂತರು. ಬೆನ್ನಿಗೆ ನೀರಿನ ಪಂಪು ಕಟ್ಟಿಕೊಂಡವರು ಅವರ ಹಿಂದೆ.

ಹಚ್ಚುವ ಹೊತ್ತಿಗೆ ಗಾಳಿ ಎದ್ದಿತು. ವಯಸ್ಸಾದ ವಾಚರ್ ಒಬ್ಬರು "ವಸಿ ತಡೀರಿ, ಗಾಳಿ ಬೀಳ್ಲಿ" ಅಂದರು. ಎಲ್ಲರೂ ಸುಮ್ನೆ ಕೂತರು. ಯಾರೂ ಅವಸರ ಮಾಡಲಿಲ್ಲ. ಗಾಳಿ ಬಿದ್ದ ಮೇಲೆ, ಅದು ಬರುವ ದಿಕ್ಕಿಗೆ ಎದುರಾಗಿ ಸುಡುತ್ತಾ ಹೋದರು. ಹೀಗೆ ಸುಟ್ಟರೆ ಉರಿ ತೆವಳುತ್ತದೆ, ಮೊಣಕಾಲಿಗಿಂತ ಮೇಲೆ ಏಳುವುದಿಲ್ಲ. ಗಾಳಿಯ ಜೊತೆ ಬಿಟ್ಟರೆ ಅದೇ ಹುಲ್ಲಿನಲ್ಲಿ ಬೆಂಕಿ ಓಡುತ್ತದೆ, ಮನುಷ್ಯ ಹಿಂದೆ ಬೀಳುತ್ತಾನೆ.

ಉರಿ ಆರಿದ ಮೇಲಿನ ಕೆಲಸವೇ ಜಾಸ್ತಿ. ಒಣ ಕೊರಡು ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ. ಆನೆ ಲದ್ದಿಯೂ ಹಾಗೇ, ಮೇಲೆ ಬೂದಿ, ಒಳಗೆ ಕೆಂಡ. ಮಧ್ಯಾಹ್ನದ ಗಾಳಿಗೆ ಒಂದು ಕಿಡಿ ರೇಖೆ ದಾಟಿದರೆ ಇಷ್ಟು ಹೊತ್ತಿನ ಕೆಲಸವೇ ಕಾಡ್ಗಿಚ್ಚಿಗೆ ಕಾರಣವಾಗುತ್ತದೆ. ಅದಕ್ಕೇ ಒಂದೊಂದನ್ನೂ ಕೆದಕಿ ನೀರು ಹಾಕುತ್ತಾರೆ. ಈ ಕೆಲಸ ಮಾಡುವವರಲ್ಲಿ ಬಹಳ ಜನ ಬೇಸಿಗೆ ತಿಂಗಳುಗಳಿಗೆ ಮಾತ್ರ ತೆಗೆದುಕೊಂಡ ಸುತ್ತಲಿನ ಹಾಡಿ, ಹಳ್ಳಿಗಳ ಜನ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. ಇವರ ಕೈಗೆ ಒಳ್ಳೆ ಬೂಟು, ಬಟ್ಟೆ, ವರ್ಷಪೂರ್ತಿ ಸಂಬಳ ಕೊಡುವುದು ದೊಡ್ಡ ಖರ್ಚು ಅಂತ ನನಗೆ ಅನ್ನಿಸುವುದೇ ಇಲ್ಲ.

ಆದರೆ ಬೆಂಕಿ ರೇಖೆಯಿಂದ ಆಗುವುದು ಇಷ್ಟೇ: ರಸ್ತೆ ಕಡೆಯಿಂದ ಬಂದ ಬೆಂಕಿಗೆ ಮುಂದೆ ಹೋಗಲು ಹುಲ್ಲು ಸಿಗುವುದಿಲ್ಲ. ರೇಖೆಯ ಆಚೆ, ಕಾಡಿನ ಒಳಗೆ, ತರಗು ಮತ್ತು ಲಂಟಾನ ಅನ್ನುವ ಕಳೆ ಪೊದೆ ವರ್ಷ ವರ್ಷ ಸೇರುತ್ತಲೇ ಇರುತ್ತವೆ. 2019ರ ಫೆಬ್ರವರಿ ನೆನಪಿದೆ ಅಲ್ವಾ? ಗೋಪಾಲಸ್ವಾಮಿ ಬೆಟ್ಟದ ಸುತ್ತ ದಿನಗಟ್ಟಲೆ ಉರಿದು 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಎಲೆ, ಹುಲ್ಲು ಮಾತ್ರ ಸುಡುವ ಸಣ್ಣ ಬೆಂಕಿ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು, ಆ ಪದ್ಧತಿ ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಅನ್ನುವ ಪರಾವಲಂಬಿ ಗಿಡ ಹತ್ತಿತು ಅನ್ನುತ್ತಾರೆ ಸೋಲಿಗರು. ಕಾಡನ್ನು ದಿನಾ ನಡೆದು ನೋಡಿದವರ ಮಾತು ಇದು, ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ಹಾಗಂತ ನಾಳೆಯೇ ಬಂಡೀಪುರದ ಒಳಗೆ ತರಗು ಬೆಂಕಿ ಹಾಕಿ ಅಂತ ನಾನು ಹೇಳಲಾರೆ. ಆಗಿನ ಕಾಡಿನ ನೆಲದಲ್ಲಿ ಹುಲ್ಲಿತ್ತು. ಈಗ ಎಷ್ಟೋ ಕಡೆ ಆಳೆತ್ತರದ ಲಂಟಾನ ಇದೆ. ಅದು ಒಣಗಿದಾಗ ಬೆಂಕಿ ಹತ್ತಿದರೆ ನೆಲದ ಉರಿ ಸೀದಾ ದಿಂಡಿಗ, ಮತ್ತಿ ಮರಗಳ ಕೊಂಬೆಗೆ ಏರುತ್ತದೆ. ಸುಟ್ಟ ಲಂಟಾನ ಮಳೆ ಬಿದ್ದ ಕೂಡಲೇ ಬುಡದಿಂದ ಮತ್ತೆ ಚಿಗುರುತ್ತದೆ, ಎಳೆಯ ಮರಗಳು ಮಾತ್ರ ಸಾಯುತ್ತವೆ. ವರ್ಷ ವರ್ಷ ಒಂದೇ ಜಾಗ ಸುಟ್ಟರೆ ಹೊಸ ಸಸಿ ಮೇಲೆ ಬರುವುದೇ ಇಲ್ಲ. ಹಾಗಾಗಿ ಮೊದಲು ಲಂಟಾನವನ್ನು ಬೇರು ಸಮೇತ ಕೀಳಬೇಕು, ಹುಲ್ಲು ಬರಲು ಬಿಡಬೇಕು. ಆಮೇಲೆ ಸಣ್ಣ ಸಣ್ಣ ತುಂಡುಗಳಲ್ಲಿ, ಬೆಂಕಿ ಬಲ್ಲ ಸೋಲಿಗ ಮತ್ತು ಜೇನು ಕುರುಬ ಹಿರಿಯರನ್ನು ಜೊತೆಗಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಸುಟ್ಟು ನೋಡಬೇಕು. ಪಕ್ಕದಲ್ಲೇ ಸುಡದ ತುಂಡೂ ಇರಬೇಕು, ಹೋಲಿಸಲು. ಅಭಯಾರಣ್ಯದೊಳಗೆ ಬೆಂಕಿ ಹಾಕುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ಆದ್ದರಿಂದ ಈ ಪ್ರಯೋಗವನ್ನು ಇಲಾಖೆಯೇ ಮುಂದೆ ನಿಂತು ಮಾಡಬೇಕು.

ಇನ್ನೊಂದು ವಿಷಯ. ರಸ್ತೆ ಪಕ್ಕ ಸುಟ್ಟ ಜಾಗದಲ್ಲಿ ಮೊದಲ ಮಳೆಗೇ ಎಳೆ ಹುಲ್ಲು ಬರುತ್ತದೆ, ಅದನ್ನು ತಿನ್ನಲು ಜಿಂಕೆಗಳು ಡಾಂಬರಿನ ಅಂಚಿಗೇ ಬರುತ್ತವೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆಯ ಗೇಟು ಮುಚ್ಚಿರುತ್ತದೆ, ಸರಿ. ಸಂಜೆ ಗೇಟು ಮುಚ್ಚುವ ಮುಂಚೆ ದಾಟಿಬಿಡಬೇಕು ಅಂತ ಓಡಿಸುವವರದ್ದೇ ಭಯ. ಏಪ್ರಿಲ್, ಮೇನಲ್ಲಿ ಈ ದಾರಿಯಲ್ಲಿ ಬರುವವರು ದಯವಿಟ್ಟು ನಿಧಾನವಾಗಿ ಬನ್ನಿ, ಬೀಡಿ ಸಿಗರೇಟು ಹೊರಗೆ ಎಸೆಯಬೇಡಿ. ನಾಳೆ ರಸ್ತೆಯ ಇನ್ನೊಂದು ಬದಿ ಸುಡುತ್ತಾರಂತೆ, ಗಾಳಿ ಬಿಟ್ಟುಕೊಟ್ಟರೆ.