ಮೇಷ್ಟ್ರು ಓದುತ್ತಾ ನಿಂತ ಜಾಗ

"ಏನಮ್ಮಾ, ಇಲ್ಲೊಂದು ಪದ ಬಿಟ್ಟುಹೋಗಿದ್ಯಾ?"

ಹಾಸನದ ಬಿ.ಎಂ. ರಸ್ತೆಯ ನಮ್ಮ ಡಿಟಿಪಿ ಅಂಗಡಿಗೆ ಮೇಷ್ಟ್ರು ಪ್ರೂಫ್ ನೋಡಲು ಬಂದಿದ್ದರು. ಸಕಲೇಶಪುರದ ಕಡೆ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದ ನೆನಪುಗಳನ್ನು ಬರೆದಿದ್ದರು. ಎ5 ಅಳತೆಯ ಪುಸ್ತಕ. ಪೇಪರ್ ಥರ ಎರಡು ಕಾಲಂ ಇರಬೇಕು, ಎರಡೂ ಅಂಚು ಸಮ ಇರಬೇಕು ಅಂತ ಅವರ ಆಸೆ. ಪ್ರೂಫನ್ನು ಗಟ್ಟಿಯಾಗಿ ಓದುವುದು ಅವರ ರೂಢಿ. ಓದುತ್ತಾ ಒಂದು ಸಾಲಿನ ಮಧ್ಯೆ ಗಕ್ಕನೆ ನಿಂತಿದ್ದರು.

ಪದ ಏನೂ ಬಿಟ್ಟಿರಲಿಲ್ಲ. ಸಾಲಿನಲ್ಲಿ ಇದ್ದದ್ದು "ಮಳೆಗಾಲದಲ್ಲಿ ಮಕ್ಕಳನ್ನು" ಅಂತ ಎರಡೇ ಪದ. ಮುಂದಿನ "ಕೂರಿಸಿಕೊಳ್ಳುತ್ತಿದ್ದೆವು" ಹಿಡಿಸದೆ ಕೆಳಗೆ ಹೋಗಿತ್ತು. ಉಳಿದ ಎರಡು ಪದಗಳಲ್ಲಿ, ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್, ಒಂದನ್ನು ಆ ತುದಿಗೆ, ಒಂದನ್ನು ಈ ತುದಿಗೆ ತಳ್ಳಿತ್ತು. ಮಧ್ಯೆ ಬೆರಳಿಡುವಷ್ಟು ಜಾಗ. ಅಷ್ಟು ಖಾಲಿ ಕಂಡರೆ ಓದುವವರು ನಿಲ್ಲದೆ ಇರ್ತಾರಾ?

ಪ್ರಿಫರೆನ್ಸಸ್‌ಗೆ ಹೋಗಿ, ಜಸ್ಟಿಫಿಕೇಷನ್ (ಎರಡೂ ಅಂಚು ಸಮ ಮಾಡಲು ಸಾಲನ್ನು ಎಳೆಯುವುದು) ಮಿತಿ ಮೀರಿದ ಸಾಲುಗಳಿಗೆ ಬಣ್ಣ ಬರುವ ಹಾಗೆ ಮಾಡಿದೆ. ಪುಟ ಪೂರ್ತಿ ಅರಿಸಿನ ಬಳಿದಂತಾಯಿತು. ಎಲ್ಲಿ ಜಾಸ್ತಿ ಎಳೆದಿದೆಯೋ ಅಲ್ಲಿ ಗಾಢ ಹಳದಿ.

ವರ್ಡ್ ಸ್ಪೇಸಿಂಗ್, ಅಂದರೆ ಪದಗಳ ನಡುವಿನ ಜಾಗ, ಮೊದಲಿಂದ ಇರುವ ಹಾಗೇ ಇತ್ತು, ಶೇಕಡಾ ಲೆಕ್ಕದಲ್ಲಿ: ಕನಿಷ್ಠ 80, ಬೇಕಾದದ್ದು 100, ಗರಿಷ್ಠ 133. ಗರಿಷ್ಠವನ್ನು 115ಕ್ಕೆ ಇಳಿಸಿದೆ. ಹಳದಿ ಇನ್ನೂ ಹೆಚ್ಚಾಯಿತು. ಸಾಲಿನಲ್ಲಿ ಎರಡೇ ಪದ ಇದ್ದರೆ ಸಾಫ್ಟ್‌ವೇರ್ ಮಿತಿ ದಾಟದೆ ಏನು ಮಾಡೀತು, ಅಲ್ವಾ? ಲೆಟರ್ ಸ್ಪೇಸಿಂಗ್‌ಗೆ, ಅಂದರೆ ಅಕ್ಷರಗಳ ನಡುವಿನ ಜಾಗಕ್ಕೆ, ಸ್ವಲ್ಪ ಬಿಟ್ಟುಕೊಟ್ಟು ನೋಡಿದೆ. "ಮ ಕ್ಕ ಳ ನ್ನು" ಅಂತ ಅಕ್ಷರಗಳು ಒಂದರಿಂದ ಒಂದು ದೂರ ಸರಿದವು. ತಕ್ಷಣ ಸೊನ್ನೆಗೆ ತಂದೆ. ಕನ್ನಡದ ಪದವನ್ನು ಹೀಗೆ ಎಳೆಯಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಪುಟದಲ್ಲಿ ಉದ್ದದ ಪದವೊಂದು ಸಾಲಿನಲ್ಲಿ ಒಂಟಿಯಾಗಿ ಕೂತು, ಪೂರ್ತಿ ಕಾಲಂ ಅಗಲಕ್ಕೆ ಚದುರಿಹೋಗಿತ್ತು. ಅದಕ್ಕೆ ಸಿಂಗಲ್ ವರ್ಡ್ ಜಸ್ಟಿಫಿಕೇಷನ್ ಅಂತ ಬೇರೆಯೇ ಆಯ್ಕೆ ಇದೆ. ಅದನ್ನು ಅಲೈನ್ ಲೆಫ್ಟ್ ಮಾಡಿದೆ.

ಅಷ್ಟಾದರೂ ದೊಡ್ಡ ಸಂದುಗಳು ಹೋಗಲಿಲ್ಲ. "ಮೇಷ್ಟ್ರೇ, ಇಷ್ಟು ಸಣ್ಣ ಕಾಲಂ ನಮ್ಮ ಉದ್ದದ ಪದಗಳಿಗೆ ಸಾಲಲ್ಲ. ಬಲಗಡೆ ಅಂಚು ಸಮ ಮಾಡದೆ ಹಾಗೇ ಬಿಡೋಣ್ವಾ?" ಅಂದೆ.

"ಬೇಡಮ್ಮಾ, ಇಲಿ ಕಡಿದ ಹಾಗೆ ಕಾಣುತ್ತೆ."

ಹಾಗಾದರೆ ಒಂದೇ ಕಾಲಂ ಮಾಡುವುದು ಅಂತಾಯಿತು. ಸಾಲು ಎಲ್ಲಿ ಮುರಿಯಬೇಕು ಅಂತ ನಿರ್ಧರಿಸುವ ಕಂಪೋಸರ್ ವರ್ಲ್ಡ್ ರೆಡಿ ಪ್ಯಾರಾಗ್ರಾಫ್‌ನಲ್ಲೇ ಇದೆ ಅಂತ ಖಚಿತ ಮಾಡಿಕೊಂಡೆ. ಅದು ಒಂದೊಂದೇ ಸಾಲು ನೋಡದೆ ಇಡೀ ಪ್ಯಾರಾ ಲೆಕ್ಕ ಹಾಕಿ ಸಾಲು ಮುರಿಯುತ್ತದೆ. ವರ್ಡ್ ಸ್ಪೇಸಿಂಗ್ ಮತ್ತೆ 80, 100, 133. ಗ್ಲಿಫ್ ಸ್ಕೇಲಿಂಗ್, ಅಂದರೆ ಅಕ್ಷರದ ಅಗಲದ ಹೆಚ್ಚುಕಡಿಮೆ, 98ರಿಂದ 102, ಕಣ್ಣಿಗೆ ಗೊತ್ತೇ ಆಗದಷ್ಟು. ಫೋಟೊ ಕೆಳಗಿನ ಸಣ್ಣ ಬರಹಗಳು ಮಾತ್ರ ಎಡಕ್ಕೆ. ಅದಕ್ಕೆ ಮೇಷ್ಟ್ರು ಒಪ್ಪಿದರು.

ಹೊಸ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಮತ್ತೆ ಗಟ್ಟಿಯಾಗಿ ಓದಿದರು. "ಒಲೆಯ ಹತ್ತಿರ ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದೆವು." ಎಲ್ಲೂ ನಿಲ್ಲಲಿಲ್ಲ. ಆಮೇಲೆ, "ಕೂರಿಸಿಕೊಳ್ಳುತ್ತಿದ್ದೆವು ಅಲ್ಲ, ಕೂರಿಸುತ್ತಿದ್ದೆವು ಸಾಕು" ಅಂತ ಪೆನ್ನು ಕೇಳಿದರು.