ಕನ್ನಡದಲ್ಲಿ ಅರ್ಥವಿಲ್ಲದ ಪದ ಹುಡುಕುವುದು

ಪಿಯುಸಿ ಮನಃಶಾಸ್ತ್ರ ಓದುವವರಿಗೆ ಬೇರೆ ವಿಷಯದವರಿಗಿಲ್ಲದ ಒಂದು ಸವಲತ್ತಿದೆ: ಹೇಗೆ ಓದಬೇಕು ಎಂಬುದು ಅವರ ಪಾಠದೊಳಗೇ ಇದೆ. ಆದರೂ ಸ್ಮೃತಿಯ ಪಾಠವನ್ನು ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುತ್ತಾರೆ. ಎಬ್ಬಿಂಗ್‌ಹಾಸ್, 1885, ಮರೆವಿನ ವಕ್ರರೇಖೆ ಎಂದು ಬರೆದು ಅಂಕ ತೆಗೆದುಕೊಂಡು ವಾರದೊಳಗೆ ಎಲ್ಲ ಮರೆಯುತ್ತಾರೆ. ಈ ಪಾಠವನ್ನು ಹೇಳಿ ಮುಗಿಸಬಾರದು, ಮಾಡಿಸಬೇಕು. ಮಾಡಿಸಲು ಬೇಕಾಗುವುದು 10 ರಟ್ಟಿನ ಕಾರ್ಡು, ಒಂದು ಸ್ಕೆಚ್ ಪೆನ್ನು, ಒಂದು ಮೊಬೈಲು.

ಜರ್ಮನ್ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ ವ್ಯಂಜನ-ಸ್ವರ-ವ್ಯಂಜನ ಜೋಡಿಸಿ ಸುಮಾರು 2,300 ಅರ್ಥವಿಲ್ಲದ ತುಣುಕುಗಳನ್ನು ಮಾಡಿಕೊಂಡು ತಮ್ಮ ಮೇಲೆಯೇ ಪ್ರಯೋಗ ನಡೆಸಿದರು. ಮೊದಲೇ ಅರ್ಥ ಗೊತ್ತಿದ್ದರೆ ಹಳೆಯ ನೆನಪು ಹೊಸ ಕಲಿಕೆಗೆ ನೆರವಾಗುತ್ತದೆ, ಬರೀ ಕಲಿಕೆಯನ್ನು ಅಳೆಯಲು ಆಗುವುದಿಲ್ಲ ಎಂಬುದು ಕಾರಣ. ಇಂಗ್ಲಿಷ್ ಪುಸ್ತಕದ ಪಟ್ಟಿಯನ್ನು ಹಾಗೇ ಬೋರ್ಡಿನ ಮೇಲೆ ಬರೆದರೆ ಕನ್ನಡ ಮಾಧ್ಯಮದ ಮಕ್ಕಳು ಮೊದಲು ರೋಮನ್ ಅಕ್ಷರ ಕೂಡಿಸಿ ಓದಬೇಕು. ಆಗ ಅಳತೆಗೆ ಸಿಗುವುದು ಅವರ ಇಂಗ್ಲಿಷ್ ಓದು, ಸ್ಮೃತಿಯಲ್ಲ. ಪಟ್ಟಿಯನ್ನು ಕನ್ನಡದಲ್ಲೇ ಮಾಡಬೇಕು.

ತೊಡಕು ಶುರುವಾಗುವುದು ಇಲ್ಲೇ. ನಮ್ಮ ಭಾಷೆಯಲ್ಲಿ ಅನುಕರಣ ಪದಗಳು ಬಹಳ. ‘ಪಟ್’, ‘ಟಕ್’, ‘ದಬ್’ ಅಂದರೆ ಕಿವಿಗೆ ಕೂಡಲೇ ಅರ್ಥ ಹೊಳೆಯುತ್ತದೆ. ‘ಗಪ್’ ಎಂದು ಬರೆದರೆ ಧಾರವಾಡದ ಕ್ಲಾಸಿನಲ್ಲಿ ‘ಗಪ್ ಕೂಡ್ರು’ ನೆನಪಾಗದವರು ಯಾರು? ‘ಜೋಮ್’ ಕಾಲಿಗೆ ಹಿಡಿಯುತ್ತದೆ, ‘ಮೋಜ್’ ಮಜಾ ಆಗುತ್ತದೆ, ‘ರೀಪ್’ ಹೆಂಚಿನ ಮನೆಯ ಮಾಡಿನಲ್ಲಿದೆ. ಇನ್ನು ಹುಬ್ಬಳ್ಳಿಯ ಮಕ್ಕಳ ಕಿವಿಯಲ್ಲಿ ಹಿಂದಿ, ಉರ್ದು, ಮರಾಠಿಯೂ ಇರುತ್ತವೆ. ‘ಸಚ್’, ‘ಕಬ್’ ಕೂಡ ನಡೆಯುವುದಿಲ್ಲ. ಮಹಾಪ್ರಾಣವನ್ನೂ ಬಿಡಿ. ‘ಥೋಗ್’ ಕೊಟ್ಟರೆ ಅರ್ಧ ಕ್ಲಾಸು ‘ತೋಗ್’ ಎಂದು ಬರೆಯುತ್ತದೆ. ಅದು ಮರೆವೋ ಕಾಗುಣಿತದ ತಪ್ಪೋ ಎಂದು ನೀವು ತೀರ್ಮಾನಿಸಲಾರಿರಿ. ಯೂಬ್, ವೂಜ್, ಡಿವ್, ಜೆಪ್, ಇಂಥವು ನಿಲ್ಲುತ್ತವೆ. ಇಪ್ಪತ್ತು ಬರೆದು, ಪ್ರಯೋಗದಲ್ಲಿ ಇಲ್ಲದ ಐದು ಜನರಿಗೆ ಓದಿ ಹೇಳಿ, ‘ಇದನ್ನು ಕೇಳಿದರೆ ಏನಾದರೂ ನೆನಪಾಗುತ್ತದೆಯೇ?’ ಎಂದು ಕೇಳಿ. ಒಬ್ಬರು ಹೌದೆಂದರೂ ಆ ತುಣುಕು ಹೊರಗೆ. ಉಳಿದವುಗಳಲ್ಲಿ ಪ್ರಾಸ ಕೂಡದ, ಬೇರೆಬೇರೆ ಅಕ್ಷರದಿಂದ ಶುರುವಾಗುವ 10 ಆರಿಸಿಕೊಳ್ಳಿ.

ಮಕ್ಕಳನ್ನು ಇಬ್ಬಿಬ್ಬರಂತೆ ಕೂಡಿಸಿ. ಮೊಬೈಲಿನ ಮೆಟ್ರೊನೋಮನ್ನು (ತಾಳ ಬಡಿಯುವ ಆ್ಯಪನ್ನು) ನಿಮಿಷಕ್ಕೆ 30ಕ್ಕೆ ಇಟ್ಟರೆ ಪ್ರತಿ ಟಕ್ಕಿಗೆ ಒಂದು ಕಾರ್ಡು, ಅಂದರೆ ಎರಡು ಸೆಕೆಂಡು. ಹತ್ತೂ ಮುಗಿದ ಮೇಲೆ ಒಂದು ನಿಮಿಷ ಬರೆಯಲು ಕೊಡಿ. ಹತ್ತಕ್ಕೆ ಹತ್ತು ಕ್ರಮವಾಗಿ ಬರುವವರೆಗೆ ಮತ್ತೆ ತೋರಿಸುತ್ತಾ, ಎಷ್ಟು ಸಲ ಬೇಕಾಯಿತು ಎಂದು ಗುರುತು ಹಾಕಿಕೊಳ್ಳಿ. ಮರುದಿನ ಅದೇ ಪಟ್ಟಿಯನ್ನು ಮತ್ತೆ ಕಲಿಸಿ. ಮೊದಲ ದಿನ 12 ಸಲ, ಮರುದಿನ 7 ಸಲ ಬೇಕಾದರೆ ಉಳಿತಾಯ 5. ಅದನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು ಶೇ. 42. ಎಬ್ಬಿಂಗ್‌ಹಾಸ್‌ಗೆ ಒಂದು ದಿನದ ನಂತರ ಸಿಕ್ಕದ್ದು ಸುಮಾರು ಶೇ. 34, 20 ನಿಮಿಷದ ನಂತರ ಶೇ. 58. ನಿಮ್ಮ ಸಂಖ್ಯೆ ಅದಕ್ಕೆ ಹೊಂದಲೇಬೇಕೆಂದಿಲ್ಲ. ಹೊಂದಿಸಲು ರೆಕಾರ್ಡ್ ಪುಸ್ತಕದಲ್ಲಿ ಅಂಕಿ ತಿದ್ದಿಸುವುದು ಮಾತ್ರ ಬೇಡವೇ ಬೇಡ. ಪ್ರಯೋಗದ ಅರ್ಥವೇ ಅಲ್ಲಿಗೆ ಮುಗಿಯುತ್ತದೆ.

ಹೆಚ್ಚಾಗಿ ಆಗುವ ತಪ್ಪು ಇನ್ನೊಂದು. ಅದೇ ಮಕ್ಕಳಿಗೆ ಅದೇ ಪಟ್ಟಿಯನ್ನು 20 ನಿಮಿಷದ ನಂತರ ಒಮ್ಮೆ, ಮರುದಿನ ಇನ್ನೊಮ್ಮೆ ಕೊಡುತ್ತಾರೆ. ಮೊದಲ ಮರುಕಲಿಕೆಯೇ ಪುನರಾವರ್ತನೆಯಾಗುವುದರಿಂದ ಮರುದಿನದ ಅಂಕಿ ಮೇಲೇರುತ್ತದೆ. ಕ್ಲಾಸನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಅವಧಿ ಹಂಚಿ. 20 ನಿಮಿಷದ ಗುಂಪು ಸುಮ್ಮನೆ ಕೂತರೆ ಮನಸ್ಸಿನಲ್ಲೇ ಪಟ್ಟಿ ಹೇಳಿಕೊಳ್ಳುತ್ತದೆ. ಬಿಡಿಸಲು ಲೆಕ್ಕದ ಹಾಳೆ ಕೊಡಿ.

ಈ ಪ್ರಯೋಗ ಮುಗಿದ ದಿನವೇ ಓದುವ ಕ್ರಮದ ಮಾತು ಎತ್ತಬೇಕು, ಏಕೆಂದರೆ ಮರೆವಿನ ವೇಗ ಅವರದೇ ಹಾಳೆಯ ಮೇಲಿದೆ. 2006ರಲ್ಲಿ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪಾಠವನ್ನು ಎರಡನೇ ಸಲ ಓದುವುದು, ಇನ್ನೊಂದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಎಂದು ಎರಡು ಬಗೆ. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದ್ದು ಮುಂದು: ಶೇ. 81, ಬರೆದದ್ದು ಶೇ. 75. ಒಂದು ವಾರದ ನಂತರ ತಿರುಗುಮುರುಗು: ಓದಿದ್ದು ಶೇ. 42, ಬರೆದದ್ದು ಶೇ. 56. ಮತ್ತೆ ಓದುವಾಗ ‘ಬಂತು, ಬಂತು’ ಅನಿಸುವುದು ಅಕ್ಷರದ ಪರಿಚಯ ಮಾತ್ರ. ಆದ್ದರಿಂದ ಪಾಠ ಕೇಳಿದ ಸಂಜೆ 10 ನಿಮಿಷ ಪುಸ್ತಕ ಮುಚ್ಚಿ ಬರೆಯುವುದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು, ಆಮೇಲೆ 3ನೇ, 7ನೇ, 15ನೇ ದಿನ ಮತ್ತೆ ಬರೆಯುವುದು. ಕೆಂಪು ಕಡಿಮೆಯಾಗುತ್ತಾ ಬರುವುದು ಕಣ್ಣಿಗೆ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ಸಿನಲ್ಲಿ ಸಿಗುವ ಹೊತ್ತು ಕಾರ್ಡಿಗೆ ಸಾಕು: ಮುಂದೆ ಪಾರಿಭಾಷಿಕ ಪದ, ಹಿಂದೆ ವ್ಯಾಖ್ಯೆ, ಸ್ವಂತ ಉದಾಹರಣೆ, ಮತ್ತು ‘ಇದರ ಜೊತೆ ಗೊಂದಲವಾಗುವ ಪದ’. ಈ ಕೊನೆಯದನ್ನೇ ಎಲ್ಲರೂ ಬಿಡುತ್ತಾರೆ, ಅಂಕ ಹೋಗುವುದೂ ಅಲ್ಲೇ.

ಋಣಾತ್ಮಕ ಪುನರ್ಬಲನವನ್ನೇ ನೋಡಿ. ‘ಋಣಾತ್ಮಕ’ ಎಂಬುದನ್ನು ಕಂಡ ಕೂಡಲೇ ಶಿಕ್ಷೆ ಎಂದು ಬರೆಯುತ್ತಾರೆ. ಎರಡೇ ಪ್ರಶ್ನೆ ಕೇಳಿಕೊಳ್ಳಲಿ: ಏನನ್ನಾದರೂ ಕೊಟ್ಟರೋ ತೆಗೆದರೋ? ಆ ವರ್ತನೆ ಹೆಚ್ಚಿತೋ ಕಡಿಮೆಯಾಯಿತೋ? ಬತ್ತಿ ಹಚ್ಚಿದರೆ ಸೊಳ್ಳೆ ಕಾಟ ತಪ್ಪುತ್ತದೆ, ಮರುದಿನವೂ ಹಚ್ಚುತ್ತೇವೆ. ಕಾಟ ತೆಗೆಯಲಾಯಿತು, ವರ್ತನೆ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ಶಿಕ್ಷೆಯಲ್ಲಿ ವರ್ತನೆ ಕಡಿಮೆಯಾಗಬೇಕು.

ಪಾವ್ಲೋವ್ ಪಾಠಕ್ಕೆ (ಒಂದು ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವಂತೆ ಕಲಿಸಿದ ಪ್ರಯೋಗ) ಗದಗಿನ ಮಿರ್ಚಿ ಒಳ್ಳೆಯ ಉದಾಹರಣೆ. ಎಣ್ಣೆಗೆ ಬಿದ್ದ ಮಿರ್ಚಿಯ ‘ಚುಂಯ್’ ಸಪ್ಪಳಕ್ಕೆ ಬಾಯಲ್ಲಿ ನೀರೂರುತ್ತದೆ. ಸಹಜ ಪ್ರಚೋದನೆ, ಅಂದರೆ ಕಲಿಯದೆಯೇ ನೀರೂರಿಸುವಂಥದ್ದು, ಯಾವುದು? ‘ಮಿರ್ಚಿ ಕಾಣುವುದು’ ಎಂದು ಬರೆದರೆ ತಪ್ಪು. ಬಾಯೊಳಗಿನ ಮಿರ್ಚಿ ಮಾತ್ರ ಸಹಜ ಪ್ರಚೋದನೆ. ಕಾಣುವುದು, ವಾಸನೆ, ಸಪ್ಪಳ ಎಲ್ಲ ತಿಂದು ತಿಂದು ಕಲಿತವು. ಮಿರ್ಚಿ ತಿನ್ನದ ಊರಿನವರಿಗೆ ಆ ಸಪ್ಪಳದಿಂದ ನೀರೂರುವುದಿಲ್ಲ.

ಮುಲ್ಲರ್-ಲೈಯರ್ ಭ್ರಮೆಯ (ತುದಿಯ ಬಾಣದಿಂದಾಗಿ ಒಂದೇ ಉದ್ದದ ಎರಡು ಗೆರೆ ಉದ್ದ-ಗಿಡ್ಡ ಕಾಣುವುದು) ಉಪಕರಣವನ್ನು ಕೊಳ್ಳಲೇಬೇಕೆಂದಿಲ್ಲ. ಡ್ರಾಯಿಂಗ್ ಶೀಟಿನ ಒಂದು ಕವಚದ ಮೇಲೆ 10 ಸೆಂ.ಮೀ. ಗೆರೆ, ಒಳಗೆ ಜಾರುವ ಪಟ್ಟಿಯ ಮೇಲೆ ಇನ್ನೊಂದು ಗೆರೆ, ತುದಿಗಳಿಗೆ ಬಾಣದ ರೆಕ್ಕೆ, ಒಂದು ಗೆರೆಗೆ ಒಳಮುಖ, ಇನ್ನೊಂದಕ್ಕೆ ಹೊರಮುಖ. ಅಳತೆಯ ಗುರುತು ಪಟ್ಟಿಯ ಹಿಂಬದಿಗೇ ಇರಲಿ. ಮುಂದಿದ್ದರೆ ಮಕ್ಕಳು ಗೆರೆ ನೋಡದೆ ಅಂಕಿ ಓದುತ್ತಾರೆ. ಚಿಕ್ಕದರಿಂದ ದೊಡ್ಡದಕ್ಕೆ 10 ಸಲ, ದೊಡ್ಡದರಿಂದ ಚಿಕ್ಕದಕ್ಕೆ 10 ಸಲ, ಎರಡೂ ಗೆರೆ ಸಮ ಕಾಣುವವರೆಗೆ ಜಾರಿಸಿ ಸರಾಸರಿ ತೆಗೆಯಿರಿ. ಒಂದೇ ದಿಕ್ಕಿನಲ್ಲಿ ಜಾರಿಸಿದರೆ ಕೈಯ ರೂಢಿಯೂ ಭ್ರಮೆಯ ಲೆಕ್ಕಕ್ಕೆ ಸೇರುತ್ತದೆ.

ಬುದ್ಧಿಶಕ್ತಿ, ವ್ಯಕ್ತಿತ್ವ, ಆತಂಕದ ಪರೀಕ್ಷೆಗಳಲ್ಲಿ ಮಾತ್ರ ಬೇರೆ ಎಚ್ಚರ ಬೇಕು. ಅಂಕವನ್ನು ಕ್ಲಾಸಿನಲ್ಲಿ ಓದಬಾರದು. ರೆಕಾರ್ಡಿನಲ್ಲಿ ಹೆಸರಿನ ಬದಲು ಮೊದಲಕ್ಷರ ಸಾಕು. ಆತಂಕದ ಪ್ರಶ್ನಾವಳಿ ತುಂಬುವಾಗ ಯಾವುದಾದರೂ ಮಗುವಿನ ಮುಖ ಬಾಡಿದರೆ ಪ್ರಯೋಗ ಅಲ್ಲಿಗೇ ನಿಲ್ಲಲಿ. ಆಮೇಲೆ ಒಬ್ಬರೇ ಇರುವಾಗ ಮಾತಾಡಿಸಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಪ್ರಯೋಗಾಲಯದ ಬಾಗಿಲ ಹಿಂದೆ ಇವೆರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಡಿ.