ಎಷ್ಟು ಪುಟ ಜೆರಾಕ್ಸ್ ಮಾಡಿಸಿದರೆ ತಪ್ಪಾಗುವುದಿಲ್ಲ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜು ಅಧ್ಯಾಪಕರು, ಎಂ.ಎ. ಓದುವವರು, ಪಿಎಚ್.ಡಿ. ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸರ್, ಒಂದು ಪುಸ್ತಕದಾಗ ಎಷ್ಟು ಪುಟ ಜೆರಾಕ್ಸ್ ಮಾಡಿಸಬಹುದು? ಹತ್ತು ಪರ್ಸೆಂಟ್ ಅಂತಾರಲ್ಲ, ಖರೇನಾ?"

ಖರೆ ಅಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಅಂಥ ಪರ್ಸೆಂಟ್ ಲೆಕ್ಕ ಎಲ್ಲೂ ಇಲ್ಲ. ಶೇ. 10 ಎಂಬ ಅಂಕಿ ಇರುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಗಳಲ್ಲಿ. ಸಂಶೋಧನಾ ಪ್ರಬಂಧದಲ್ಲಿ ಇತರರ ಬರಹದೊಂದಿಗಿನ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು ಎನ್ನುತ್ತವೆ ಆ ನಿಯಮಗಳು. ಅದು ಇನ್ನೊಬ್ಬರ ಬರಹವನ್ನು ತನ್ನದೆಂದು ತೋರಿಸುವ ಅಪ್ರಾಮಾಣಿಕತೆಯ ವಿಚಾರ. ಪ್ರತಿ ತೆಗೆಯುವ ಹಕ್ಕಿನ ವಿಚಾರ ಬೇರೆ. ಮೂಲ ಲೇಖಕರ ಹೆಸರು ಹಾಕಿದರೆ ಚೌರ್ಯದ ಆರೋಪ ಹೋಗಬಹುದು, ಆದರೆ ಹೆಸರು ಹಾಕಿದ ಮಾತ್ರಕ್ಕೆ ಇಡೀ ಪುಸ್ತಕ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ನಮ್ಮ ಕಡೆ ಈ ಎರಡನ್ನೂ ಕಲಸಿಬಿಡುತ್ತಾರೆ, ಗೊಂದಲದ ಅರ್ಧ ಭಾಗ ಅಲ್ಲೇ ಹುಟ್ಟುತ್ತದೆ.

ಕಾಯ್ದೆ ನೋಡುವುದು ಪುಟವನ್ನಲ್ಲ, ಉದ್ದೇಶವನ್ನು. 52ನೇ ಕಲಂ ಉಲ್ಲಂಘನೆ ಆಗದ ಬಳಕೆಗಳನ್ನು ಒಂದೊಂದಾಗಿ ಹೇಳುತ್ತದೆ. ಅದರ 1(ಎ) ಪ್ರಕಾರ ಸ್ವಂತ ಓದು, ಸಂಶೋಧನೆ, ವಿಮರ್ಶೆ, ಸುದ್ದಿಗಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳಬಹುದು. 1(ಐ) ಪ್ರಕಾರ ಬೋಧನೆಯ ಕ್ರಮದಲ್ಲಿ ಅಧ್ಯಾಪಕರೋ ವಿದ್ಯಾರ್ಥಿಯೋ ಪ್ರತಿ ತೆಗೆಯಬಹುದು. ಪ್ರಶ್ನೆಪತ್ರಿಕೆಯಲ್ಲಿ, ಅದಕ್ಕೆ ಬರೆಯುವ ಉತ್ತರದಲ್ಲಿ ಬಳಸುವುದೂ ಇದರಲ್ಲೇ ಸೇರುತ್ತದೆ.

ಈ 1(ಐ) ಎಷ್ಟು ದೂರ ಹೋಗುತ್ತದೆ ಎಂಬುದೇ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಮೊಕದ್ದಮೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಒಂದು ಕಟ್ಟು ಮಾಡಿ ಕೊಡುತ್ತಿದ್ದರು ಎಂಬುದು ತಕರಾರು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ದಾವೆಯನ್ನೇ ವಜಾ ಮಾಡಿತು. ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ಬರೆದುಕೊಂಡರೆ ತಪ್ಪಲ್ಲದ ಕೆಲಸ, ಯಂತ್ರ ಅದನ್ನು ಸುಲಭ ಮಾಡಿತೆಂದು ತಪ್ಪಾಗದು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷ ಡಿಸೆಂಬರ್ 9ರಂದು ಮೇಲ್ಮನವಿ ಕೇಳಿದ ವಿಭಾಗೀಯ ಪೀಠ ಇನ್ನಷ್ಟು ಸ್ಪಷ್ಟವಾಗಿ ಹೇಳಿತು: ಬೋಧನೆ ಎಂದರೆ ತರಗತಿಯ ಒಂದು ಗಂಟೆ ಮಾತ್ರವಲ್ಲ, ಪ್ರತಿ ತೆಗೆಯುವ ಕೈ ಅಂಗಡಿಯವನದಾದರೂ ಅಡ್ಡಿಯಿಲ್ಲ, ಬೋಧನೆಗೆ ಎಷ್ಟು ಬೇಕೋ ಅಷ್ಟೇ ಅಳತೆ.

ಆದರೆ ಪತ್ರಿಕೆಗಳ ತಲೆಬರಹ ಮಾತ್ರ ಓದಿದವರಿಗೆ ತಪ್ಪಿಹೋಗುವ ಸಂಗತಿ ಒಂದಿದೆ. ವಿಭಾಗೀಯ ಪೀಠ ದಾವೆಯನ್ನು ಪೂರ್ತಿ ಮುಗಿಸಲಿಲ್ಲ. ಆ ಕಟ್ಟುಗಳಲ್ಲಿದ್ದದ್ದು ನಿಜಕ್ಕೂ ಬೋಧನೆಗೆ ಬೇಕಾಗಿತ್ತೇ, ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಬಹುದೇ ಎಂಬ ಪ್ರಶ್ನೆಗಳನ್ನು ವಿಚಾರಣೆಗೆ ವಾಪಸ್ ಕಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಮೇ ತಿಂಗಳಲ್ಲಿ ಪ್ರಕಾಶಕರ ಪರವಾದ ಪರವಾನಗಿ ಸಂಸ್ಥೆಯ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೀಗಾಗಿ ಇಡೀ ಪುಸ್ತಕದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಮೇಲಾಗಿ ದೆಹಲಿ ಹೈಕೋರ್ಟಿನ ತೀರ್ಪು ಬಳ್ಳಾರಿ, ಕೊಪ್ಪಳದ ಮೊಕದ್ದಮೆ ಕೇಳುವ ಧಾರವಾಡ ಪೀಠವನ್ನಾಗಲಿ ರಾಯಚೂರಿನದನ್ನು ಕೇಳುವ ಕಲಬುರಗಿ ಪೀಠವನ್ನಾಗಲಿ ಕಟ್ಟಿಹಾಕುವುದಿಲ್ಲ. ಗೌರವದಿಂದ ಪರಿಗಣಿಸುತ್ತಾರೆ, ಅಷ್ಟೇ.

ಹಾಗಾದರೆ ಅಧ್ಯಾಪಕರು ಏನು ಮಾಡಬೇಕು? ಮೊದಲು ಪಠ್ಯಕ್ರಮ ತೆಗೆದಿಟ್ಟುಕೊಂಡು ಯಾವ ಘಟಕಕ್ಕೆ ಯಾವ ಅಧ್ಯಾಯ ಎಂದು ಬರೆಯಿರಿ. ಆ ಅಧ್ಯಾಯಗಳನ್ನು ಮಾತ್ರ ತೆಗೆಯಿರಿ, ಮುನ್ನುಡಿಯಿಂದ ಪದಸೂಚಿವರೆಗೆ ಬೇಡ. ಮೊದಲ ಹಾಳೆಯಲ್ಲಿ ಕೋರ್ಸಿನ ಹೆಸರು, ಸೆಮಿಸ್ಟರ್, ಪ್ರತಿ ತುಣುಕಿನ ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ ಇರಲಿ. ಪುಸ್ತಕದ ಒಂದು ಪ್ರತಿಯಾದರೂ ಗ್ರಂಥಾಲಯದಲ್ಲಿರಲಿ. ತರಗತಿಯಲ್ಲಿ ಮೂವತ್ತು ಜನ ಇದ್ದರೆ ಮೂವತ್ತೇ ಕಟ್ಟು, ಜೆರಾಕ್ಸ್ ಖರ್ಚಿನ ಮೇಲೆ ಒಂದು ಪೈಸೆಯೂ ಹೆಚ್ಚಿಗೆ ತೆಗೆದುಕೊಳ್ಳಬೇಡಿ. ನಾಳೆ ಯಾರಾದರೂ ನೋಟಿಸ್ ಕಳಿಸಿದರೆ ಆ ಮೊದಲ ಹಾಳೆಯೇ ನಿಮ್ಮ ಉತ್ತರ.

ಅದೇ ಕಟ್ಟನ್ನು ಅಂಗಡಿಯವನು ಬೈಂಡ್ ಮಾಡಿ, ಬಂದವರಿಗೆಲ್ಲ ಮಾರಿದರೆ ಅದು ಬೋಧನೆಯಲ್ಲ, ವ್ಯಾಪಾರ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ ಟೆಲಿಗ್ರಾಂ ಗುಂಪಿನಲ್ಲಿ ದುಡ್ಡಿಗೆ ಮಾರುವುದೂ ಹಾಗೆಯೇ. 63ನೇ ಕಲಮಿನ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದ ಸೆರೆವಾಸ, ₹50,000ದಿಂದ ₹2 ಲಕ್ಷ ದಂಡ.

ಕೆಲವಕ್ಕೆ ಯಾರ ಅನುಮತಿಯೂ ಬೇಡ. ಗೆಜೆಟ್ ಅಧಿಸೂಚನೆಗಳನ್ನು, ಹೆಚ್ಚಿನ ನ್ಯಾಯಾಲಯ ತೀರ್ಪುಗಳನ್ನು ಇಡಿಯಾಗಿ ಬಳಸಬಹುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಮೇಲೆ ಸಂಶೋಧನೆ ಮಾಡುವವರು ಇದಕ್ಕೆ ಹೆದರುವುದು ಕಂಡಾಗ ಬೇಸರವಾಗುತ್ತದೆ. ಮಸ್ಕಿಯ ಅಶೋಕನ ಶಾಸನಕ್ಕಾಗಲಿ ಮಾನ್ವಿಯ ಜಗನ್ನಾಥದಾಸರ ಪದಗಳಿಗಾಗಲಿ ಕೃತಿಸ್ವಾಮ್ಯ ಇಲ್ಲ. ಆದರೆ ಅವುಗಳಿಗೆ ಇಂದಿನ ವಿದ್ವಾಂಸರು ಬರೆದ ಟಿಪ್ಪಣಿ, ವ್ಯಾಖ್ಯಾನ, ಅನುವಾದ ಅವರದೇ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಹೊರಬಂದ, ಕನ್ನಡ ಶಾಸನಗಳಿರುವ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 9ನೇ ಸಂಪುಟದ ಮೊದಲ ಭಾಗ 1939ರ ಸರ್ಕಾರಿ ಪ್ರಕಟಣೆ. ಸರ್ಕಾರಿ ಕೃತಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 1999ಕ್ಕೇ ಅವಧಿ ಮುಗಿದಿದೆ. ಲೇಖಕರದಾದರೆ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಬೀಚಿ 1980ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2040ರ ಡಿಸೆಂಬರ್ 31ರವರೆಗೆ. ರಾಯಚೂರಿನ ಶಾಂತರಸರು 2008ರಲ್ಲಿ, ಅವರದು 2068ರವರೆಗೆ.

ಹೆಚ್ಚು ಜನ ಎಡವುವುದು ಪಿಎಚ್.ಡಿ. ಪ್ರಬಂಧ ಪುಸ್ತಕವಾಗುವಾಗ. ಪುಸ್ತಕ ಮಾರಾಟಕ್ಕೆ ಬಂದರೆ 1(ಐ) ಆಸರೆ ಸಿಗುವುದಿಲ್ಲ, ಉಳಿಯುವುದು ವಿಮರ್ಶೆಯ ಆಸರೆ. ನೀವು ಚರ್ಚಿಸುವ ಸಾಲುಗಳನ್ನು ಉದ್ಧರಿಸಬಹುದು, ಪರಿಶಿಷ್ಟದಲ್ಲಿ ಇಪ್ಪತ್ತು ಕವಿತೆ ಪೂರ್ತಿ ಸೇರಿಸಬೇಕೆಂದರೆ ಅನುಮತಿ ಪತ್ರ ಬೇಕು. ಪದವಿ ತರಗತಿಯ ಕನ್ನಡ ಪಠ್ಯಗಳ ಸಂಪಾದಕರು ಬೋಧನೆಯ ಸಂಕಲನಕ್ಕೆ ಅವಕಾಶ ಕೊಡುವ 52ನೇ ಕಲಮಿನ 1(ಎಚ್) ನಂಬಿಕೊಳ್ಳುತ್ತಾರೆ. ಅದರ ಷರತ್ತು ಬಿಗಿ: ಸಂಕಲನದ ಬಹುಪಾಲು ಕೃತಿಸ್ವಾಮ್ಯ ಇಲ್ಲದ ಬರಹವಾಗಿರಬೇಕು, ತೆಗೆದುಕೊಳ್ಳುವುದು ಸಣ್ಣ ಭಾಗವಾಗಿರಬೇಕು, ಒಬ್ಬ ಲೇಖಕರಿಂದ ಒಬ್ಬ ಪ್ರಕಾಶಕ ಐದು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಭಾಗ ತೆಗೆಯಬಾರದು. ಹೊಸಗನ್ನಡ ಕವಿತೆ, ಕಥೆಗಳೇ ತುಂಬಿದ ಪಠ್ಯಕ್ಕೆ ಇದು ಒದಗುವುದಿಲ್ಲ.

ಈಗ ನಿಜವಾದ ನೋವಿನ ಜಾಗಕ್ಕೆ ಬರುತ್ತೇನೆ. ಕೃತಿಸ್ವಾಮ್ಯದ ವಾದ ಬಹುಪಾಲು ಇಂಗ್ಲಿಷ್ ಜರ್ನಲ್‌ಗಳ ಸುತ್ತ ಸುತ್ತುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ ₹6,000 ಕೋಟಿ ಕೊಟ್ಟಿತು. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಜರ್ನಲ್ ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಂಥ ಕಡೆ ಇದು ದೊಡ್ಡ ಅನುಕೂಲವೇ. ಆದರೆ ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕ) ತತ್ವಪದ, ಬಯಲಾಟ, ಸ್ಥಳೀಯ ಇತಿಹಾಸದ ಮೇಲೆ ಸಣ್ಣ ಪ್ರಕಾಶನಗಳು ಒಂದೇ ಸಲ ಅಚ್ಚು ಹಾಕಿ ನಿಲ್ಲಿಸಿದ ಪುಸ್ತಕಗಳು ಈ ಚಂದಾದಲ್ಲಿ ಬರುವುದಿಲ್ಲ. ಅಂಗಡಿಯಲ್ಲಿಲ್ಲ, ಪ್ರಕಾಶಕರಿಲ್ಲ, ಹಕ್ಕು ಮಾತ್ರ ಇನ್ನೂ ಹಲವು ದಶಕ ಜೀವಂತ.

ಇದಕ್ಕೆ ಕಾಯ್ದೆಯಲ್ಲಿ ಎರಡು ಕಿಂಡಿಗಳಿವೆ. 52(1)(ಓ) ಪ್ರಕಾರ, ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಗರಿಷ್ಠ ಮೂರು ಪ್ರತಿಗಳನ್ನು ಲಾಭರಹಿತ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು ಗ್ರಂಥಾಲಯಕ್ಕಾಗಿ ಮಾಡಿಸಬಹುದು. ಪ್ರಕಾಶಕರಿಗೆ ಬರೆದ ಪತ್ರ, ಬಂದ ಉತ್ತರ ಅಥವಾ ಹಿಂದಿರುಗಿದ ಲಕೋಟೆ ಕಡತದಲ್ಲಿರಲಿ. ಇನ್ನೊಂದು 31ಎ: ಲೇಖಕರ ಅಥವಾ ಹಕ್ಕುದಾರರ ಪತ್ತೆಯೇ ಇಲ್ಲದ ಕೃತಿಯನ್ನು ಪ್ರಕಟಿಸಲು ಪರವಾನಗಿ ಕೇಳುವ ದಾರಿ. ಅರ್ಜಿಗೆ ಮೊದಲು ದೇಶದ ಬಹುಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು ಎನ್ನುತ್ತದೆ ಅದು. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಪ್ರಕಟವಾದ ಕನ್ನಡ ಪುಸ್ತಕದ ವಾರಸುದಾರರನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಬೇಕೆಂಬ ನಿಯಮ ಬದಲಾಗಲೇಬೇಕು. ಕೃತಿಯ ಭಾಷೆಯ ಪತ್ರಿಕೆ ಸಾಕು, ಅಚ್ಚಿನಲ್ಲಿಲ್ಲದ ಭಾರತೀಯ ಭಾಷೆಯ ಪುಸ್ತಕಕ್ಕೆ ಸಣ್ಣ ಶುಲ್ಕದ ಸರಳ ಪರವಾನಗಿ ಬರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಲ್ಲಿಯವರೆಗೆ ಲೇಖಕರ ಕೈಯಲ್ಲೇ ಒಂದು ದಾರಿಯಿದೆ. 1995ರ ಮೇ ನಂತರ ನೀವು ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಾಗಿಲ್ಲದಿದ್ದರೆ, 19ನೇ ಕಲಮಿನ ಪ್ರಕಾರ ಅದು ಐದೇ ವರ್ಷ. ಆಮೇಲೆ ಹಕ್ಕು ನಿಮ್ಮದೇ. ಪುಸ್ತಕದ ಹೆಸರು, ಮೊದಲ ಮುದ್ರಣದ ವರ್ಷ, ಯಾವ ಗ್ರಂಥಾಲಯಕ್ಕೆ, ಸ್ಕ್ಯಾನ್ ಮಾಡಿ ಓದುಗರಿಗೆ ಉಚಿತವಾಗಿ ಕೊಡಲು ಒಪ್ಪಿದ್ದೀರಿ ಎಂಬ ನಾಲ್ಕು ಸಾಲು ಬರೆದು, ದಿನಾಂಕ ಹಾಕಿ ಸಹಿ ಮಾಡಿ ಕೊಡಿ. ಲೇಖಕರು ತೀರಿಕೊಂಡಿದ್ದರೆ ಹಕ್ಕು ಪಡೆದ ವಾರಸುದಾರರೆಲ್ಲರ ಸಹಿ ಬೇಕು. ಹಿರಿಮಗ ಒಬ್ಬರದೇ ಸಹಿ ಹಾಕಿಸಿಕೊಂಡು ಬಂದರೆ ಸಾಲದು.